ಶುಕ್ರವಾರದ ಮೊಹರು

ಲಕ್ಷ್ಮೀನರಸಿಂಹ ಚೀಲವನ್ನು ಮೇಜಿನ ಮೇಲೆ ತಲೆಕೆಳಗು ಮಾಡಿದ. ಲಕೋಟೆಗಳು ಜಾರಿ ಬಿದ್ದವು. ಎರಡು ನೆಲಕ್ಕೆ ಹೋದವು. ಕಾನ್‌ಸ್ಟೇಬಲ್ ಫಲಾಹ್ ಬಗ್ಗಿ ಹೆಕ್ಕಿಕೊಟ್ಟ.

"ಹತ್ತೊಂಬತ್ತು ಇವೆ. ಎಲ್ಲದರಲ್ಲೂ ನನ್ನ ಸಹಿ ಇದೆ. ಒಂದನ್ನೂ ನಾನು ಹಾಕಿದ್ದಲ್ಲ."

ಬಾವಾಕುಂಞಿ ಅದನ್ನು ಅರಬ್ಬಿಗೆ ತಿರುಗಿಸಿ ಹೇಳಿದ. ಇನ್‌ಸ್ಪೆಕ್ಟರ್ ಮಿಶಾಲ್ ಒಂದು ಲಕೋಟೆ ತೆಗೆದು, ಒಳಗಿನ ಹಾಳೆಗಳನ್ನು ಇಸ್ಪೀಟಿನ ಎಲೆಗಳ ಹಾಗೆ ಬಿಡಿಸಿ ಹರಡಿದ. ಒಂದು ಅರ್ಜಿ. ಪಾಸ್‌ಪೋರ್ಟಿನ ಮೂರು ಪುಟಗಳ ನಕಲು. ಪ್ರತಿ ನಕಲಿನ ಕೆಳಗೆ ನೇರಳೆ ಬಣ್ಣದ ದುಂಡು ಮೊಹರು, ಅದರ ಮೇಲೆ ಬಾಲ ಉದ್ದವಾದ ಒಂದು ಸಹಿ.

2013ರ ಫೆಬ್ರವರಿ 19, ಮಂಗಳವಾರ, ಬೆಳಗ್ಗೆ 10.25. ಕುವೈತಿನಲ್ಲಿ, ಮಹಬೂಲಾ ಕಡೆಯ ವ್ಯವಹಾರವೆಲ್ಲ ಬರುವ ಠಾಣೆ. ದೂರುದಾರ ಲಕ್ಷ್ಮೀನರಸಿಂಹ, ವಯಸ್ಸು ನಲವತ್ತಾರು, ಊರು ಮಂಡ್ಯದ ಹತ್ತಿರ, ಭಾರತದ ರಾಯಭಾರ ಕಚೇರಿಯಲ್ಲಿ ದಾಖಲೆಗಳನ್ನು ದೃಢೀಕರಿಸುವ ಅಧಿಕಾರಿ. ಬಾವಾಕುಂಞಿ ತನ್ನ ಕನ್ನಡದ ಡೈರಿಯಲ್ಲಿ ಇಷ್ಟನ್ನು ಬರೆದುಕೊಂಡ. ಠಾಣೆಯ ದಾಖಲೆ ಅರಬ್ಬಿಯಲ್ಲಿ ಇರುತ್ತಿತ್ತು. ಇದು ಅವನ ಸ್ವಂತದ್ದು. ಉಳ್ಳಾಲದಿಂದ ಇಪ್ಪತ್ತೈದು ವರ್ಷಗಳ ಹಿಂದೆ ಈ ಠಾಣೆಗೆ ಚಹಾ ಮಾಡಲು ಬಂದವನು ಈಗ ದುಭಾಷಿ. ಡೈರಿಯಲ್ಲಿ ಅವನು ಕೇಸಿನ ಸಂಖ್ಯೆಗೆ ಎಫ್‌ಐಆರ್ ಎಂದೇ ಬರೆಯುತ್ತಿದ್ದ. ಊರಿನಲ್ಲಿ ಕರೆಯುವ ಹೆಸರಿಲ್ಲದೆ ಅವನಿಗೆ ಅಪರಾಧ ಅರ್ಥವಾಗುತ್ತಿರಲಿಲ್ಲ.

"ಏನಿದು ಅರ್ಜಿ?" ಇನ್‌ಸ್ಪೆಕ್ಟರ್ ಕೇಳಿದ.

"ಮತದಾರರ ಪಟ್ಟಿಗೆ ಸೇರೋದಕ್ಕೆ. ವಿದೇಶದಲ್ಲಿ ಇರೋರಿಗೆ ಎರಡು ವರ್ಷದಿಂದ ಅವಕಾಶ ಆಗಿದೆ. ಮೊದಲನೇ ಸಲ ಸೇರೋರು ಅಂಚೇಲಿ ಕಳಿಸಬಹುದು. ಆದರೆ ಗುರುತು ಬೇಕಲ್ಲ. ಫೋಟೊ ಇರೋ ಪುಟ, ಊರಿನ ವಿಳಾಸದ ಪುಟ, ವೀಸಾ ಪುಟ, ಮೂರಕ್ಕೂ ನಮ್ಮ ಮೊಹರು ಇರಬೇಕು. ಮೊಹರು ಬೇಕಾದರೆ ಅಸಲು ಪಾಸ್‌ಪೋರ್ಟ್ ಹಿಡಿದು ನನ್ನ ಕೌಂಟರಿಗೆ ಬರಬೇಕು. ಈ ಹತ್ತೊಂಬತ್ತು ಜನ ಬಂದಿಲ್ಲ."

"ಯಾರು ಕಂಡುಹಿಡಿದದ್ದು?"

"ಊರಿನ ನೋಂದಣಿ ಅಧಿಕಾರಿ. ಕುವೈತಿನಿಂದ ಅಂಚೇಲಿ ಬಂದದ್ದು ಅಂತ ಅರ್ಜೀಲಿದೆ, ಲಕೋಟೆ ಮೇಲೆ ಭಾರತದ ಸ್ಟ್ಯಾಂಪ್ ಇದೆ. ಅನುಮಾನ ಬಂದು ಎಲ್ಲಾ ನಮಗೆ ವಾಪಸ್ ಕಳಿಸಿದರು. ನಾನು ತಾರೀಕು ನೋಡಿದೆ. ಜನವರಿ ಹನ್ನೊಂದು, ಹದಿನೆಂಟು, ಇಪ್ಪತ್ತೈದು."

ಇನ್‌ಸ್ಪೆಕ್ಟರ್ ಗೋಡೆಯ ಕ್ಯಾಲೆಂಡರ್ ನೋಡಿದ. ಮೂರೂ ಶುಕ್ರವಾರ. ಇಡೀ ದೇಶ ಬಾಗಿಲು ಹಾಕಿಕೊಂಡಿರುವ ದಿನ.

"ಕಳ್ಳ ಮೊಹರು ಹೊಡೆಯುವವನು ಯಾವ ತಾರೀಕು ಬೇಕಾದರೂ ಹಾಕಬಹುದಿತ್ತು," ಅಂದ ಇನ್‌ಸ್ಪೆಕ್ಟರ್. "ಇವರು ಓಟು ಹಾಕುವುದೂ ಅಂಚೆಯಲ್ಲೇನಾ?"

"ಇಲ್ಲ. ಊರಿಗೆ ಹೋಗಿ, ಮತಗಟ್ಟೇಲಿ ಅಸಲು ಪಾಸ್‌ಪೋರ್ಟ್ ತೋರಿಸಿ ಹಾಕಬೇಕು."

"ಹೋಗುತ್ತಾರಾ?"

"ಕ್ಲೀನಿಂಗ್ ಕಂಪನಿ ಕೆಲಸದವರು. ಮೂರು ವರ್ಷಕ್ಕೊಂದು ಸಲ ರಜ."

"ಹಾಗಾದರೆ ಲಾಭ ಯಾರಿಗೆ?"

ಲಕ್ಷ್ಮೀನರಸಿಂಹ ಒಂದು ಅರ್ಜಿಯನ್ನು ಮಗುಚಿ ತೋರಿಸಿದ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಎರಡು ಸಾಲು: 'ತಾಯಿ ಈಗ ಇರುವುದು ತಂಗಿಯ ಮನೆಯಲ್ಲಿ, ಕೈಕಂಬದ ಹತ್ತಿರ.' ಕೆಳಗೆ ಫೋನ್ ನಂಬರು. ಇನ್ನೊಂದರ ಹಿಂದೆ: 'ಹೆಂಡತಿ ತವರಿನಲ್ಲಿ.' ಹತ್ತೊಂಬತ್ತರ ಹಿಂದೆಯೂ ಹೀಗೆ ಇತ್ತು, ಒಂದೇ ಕೈಬರಹ.

"ಇದನ್ನ ಯಾರೂ ಕೇಳಿಲ್ಲ. ಯಾವ ನಮೂನೇಲೂ ಇಲ್ಲ."

ಹೊರಡುವಾಗ ಅವನು ಬಾಗಿಲ ಬಳಿ ನಿಂತು ಬಾವಾಕುಂಞಿಗೆ ಮಾತ್ರ ಕೇಳುವ ಹಾಗೆ ಅಂದ, "ಸಹಿ ನನಗಿಂತ ಚೆನ್ನಾಗಿ ಹಾಕಿದ್ದಾನೆ ಕಣ್ರೀ. ನಾನು ಈಚೆಗೆ ಅಷ್ಟು ನಿಧಾನವಾಗಿ ಹಾಕೋದಿಲ್ಲ."

*

ಹತ್ತೊಂಬತ್ತು ಅರ್ಜಿಗಳಲ್ಲೂ ಕುವೈತಿನ ವಿಳಾಸ ಒಂದೇ: ಮಹಬೂಲಾದ ಒಂದು ಕಟ್ಟಡದ ಆರನೆಯ ಮಹಡಿ. ಕಂಪನಿಯ ಬಸ್ಸು ಸಂಜೆ 5.40ಕ್ಕೆ ಬಂತು. ಹಸಿರು ಅಂಗಿಯವರು ಇಳಿದರು. ಪೊಲೀಸ್ ಜೀಪು ಕಂಡದ್ದೇ ಸಾಲು ನಿಧಾನವಾಯಿತು.

ಕೋಣೆಯಲ್ಲಿ ಎರಡಂತಸ್ತಿನ ಆರು ಮಂಚಗಳು. ಕಿಟಕಿಯಲ್ಲಿ ಸಮುದ್ರದ ಒಂದು ತುಂಡು. ಇನ್‌ಸ್ಪೆಕ್ಟರ್ ಕುಳಿತುಕೊಳ್ಳಲಿಲ್ಲ. ಪಟ್ಟಿಯಲ್ಲಿದ್ದ ಮೊದಲ ಹೆಸರು ನಿತೇಶ್, ವಯಸ್ಸು ಇಪ್ಪತ್ತಾರು.

"ಅರ್ಜಿ ನಿನ್ನದಾ?"

"ನನ್ನದೇ."

"ಸಹಿ?"

"ಅರ್ಜಿಯ ಸಹಿ ನನ್ನದು. ಮೊಹರು ಗೊತ್ತಿಲ್ಲ."

"ಮುಂಚೆ ಓಟು ಹಾಕಿದ್ದು ಉಂಟಾ?" ಇದನ್ನು ಬಾವಾಕುಂಞಿ ತಾನಾಗಿಯೇ ಕೇಳಿದ. ಊರಿನ ಹುಡುಗರಿಗೆಲ್ಲ ಅವನು ಬಾವಾಕ.

"ಎಲ್ಲಿಂದ ಬಾವಾಕ? ಹದಿನೆಂಟಕ್ಕೆ ಊರು ಬಿಟ್ಟದ್ದು. ಇಲ್ಲಿ ಯಾರೂ ಹಾಕಿದವರಿಲ್ಲ. ಡೆನಿಸ್ ಒಬ್ಬ ಹಾಕಿದ್ದೇನೆ ಅಂತಾನೆ, ಅದು ಕಾಲೇಜು ಇಲೆಕ್ಷನ್ನು."

ಮೇಲಿನ ಮಂಚದಿಂದ ಡೆನಿಸ್ ಅಂದ, "ಅದರಲ್ಲಿ ಸೋತದ್ದೂ ನಾನೇ."

ಯಾರೋ ನಕ್ಕರು. ಇನ್‌ಸ್ಪೆಕ್ಟರ್ ತಿರುಗಿ ನೋಡಿದ, ನಗು ನಿಂತಿತು.

"ಪಾಸ್‌ಪೋರ್ಟ್ ತೋರಿಸು."

ನಿತೇಶ್ ತನ್ನ ಕಾಲಿನ ಕಡೆ ನೋಡಿದ. "ನನ್ನ ಹತ್ರ ಇಲ್ಲ."

"ಯಾರ ಹತ್ತಿರ ಉಂಟು?"

"ನಮ್ಮ ಹತ್ರ ಇರುದಿಲ್ಲ."

"ಕಂಪನಿಯಲ್ಲಿಯಾ?"

ನಿತೇಶ್ ಅಂಗಿಯ ತೋಳು ಮಡಚತೊಡಗಿದ. ಕಂಪನಿಯ ಕಫೀಲ್ ಎಂದರೆ ಇವರನ್ನು ಕರೆಸಿಕೊಂಡ ಧಣಿ. ಅವನ ವಿರುದ್ಧ ಹೇಳಿದ ಮಾತು ಬಸ್ಸಿಗಿಂತ ಮೊದಲು ಆಫೀಸು ತಲಪುತ್ತಿತ್ತು. ಇನ್‌ಸ್ಪೆಕ್ಟರ್ ಅಲ್ಲಿಂದಲೇ ಕಂಪನಿಯ ಮ್ಯಾನೇಜರಿಗೆ ಫೋನು ಮಾಡಿದ. ಪಾಸ್‌ಪೋರ್ಟನ್ನು ಧಣಿ ಇಟ್ಟುಕೊಳ್ಳಬಾರದು ಎಂಬ ಆದೇಶ ಎಲ್ಲರಿಗೂ ಗೊತ್ತಿದ್ದದ್ದೇ. ಮ್ಯಾನೇಜರ್ ಕೂಡಲೇ ಹೇಳಿದ: ಎಲ್ಲವೂ ಕೆಲಸಗಾರರ ಬಳಿಯೇ ಇವೆ, ಕಾನೂನು ಪ್ರಕಾರ.

ಆಫೀಸು ಶೋಧಿಸಲು ಪ್ರಾಸಿಕ್ಯೂಶನ್‌ನ ಅನುಮತಿ ಬೇಕು. ಅನುಮತಿಗೆ ಒಬ್ಬನ ಹೆಸರು ಬೇಕು.

"ಇವರಿಗೆ ಹೇಳು," ಇನ್‌ಸ್ಪೆಕ್ಟರ್ ಬಾವಾಕುಂಞಿಗೆ ಅಂದ. "ಗುರುವಾರ ಮಧ್ಯಾಹ್ನದವರೆಗೆ ಸಮಯ. ಮೊಹರು ಯಾರದೆಂದು ತಿಳಿಯದಿದ್ದರೆ ಹತ್ತೊಂಬತ್ತು ಜನರನ್ನೂ ಒಯ್ಯುತ್ತೇನೆ. ಇಕಾಮಾ ರದ್ದು, ಆಮೇಲೆ ಗಡಿಪಾರು."

ಇಲ್ಲಿ ಇರುವುದಕ್ಕೆ ಇರುವ ಒಂದೇ ಚೀಟಿ ಇಕಾಮಾ. ಬಾವಾಕುಂಞಿ ಅದನ್ನು ಕನ್ನಡದಲ್ಲಿ ಹೇಳುವಾಗ ದನಿ ತಗ್ಗಿಸಿದ. ತಗ್ಗಿಸಿದ್ದರಿಂದ ಏನೂ ಕಡಿಮೆಯಾಗಲಿಲ್ಲ.

ಮೆಟ್ಟಿಲಿಳಿಯುವಾಗ ನಿತೇಶ್ ಹಿಂದೆಯೇ ಬಂದ. "ಬಾವಾಕ, ನೀವು ಪೊಲೀಸಾ?"

"ಅಲ್ಲ ಮಾರಾಯ. ಚಾ ಮಾಡ್ಲಿಕ್ಕೆ ಬಂದವ. ಇವರು ಬಿಡ್ಲಿಲ್ಲ."

"ಹಾಗಾದ್ರೆ ಕೇಳಿ. ಹತ್ತೊಂಬತ್ತು ಜನವೂ ಹೋಗ್ತೇವೆ, ಹೆಸರು ಮಾತ್ರ ಹೇಳುದಿಲ್ಲ. ಸುಮ್ಮನೆ ಗುರುವಾರದವರೆಗೆ ಕಾಯ್ಬೇಡಿ."

*

ಬುಧವಾರ ಬೆಳಗ್ಗೆ 6.30. ಬಾವಾಕುಂಞಿಯ ಹೆಂಡತಿ ಸುಲೈಖಾ ಒಲೆಯ ಮುಂದೆ ಅಕ್ಕಿರೊಟ್ಟಿ ಬೇಯಿಸುತ್ತಿದ್ದಳು. ಅವನು ರೊಟ್ಟಿ ಮುರಿಯದೆ ಕುಳಿತಿದ್ದ. ಲಕೋಟೆಗಳ ಮೇಲಿದ್ದ ಅಂಚೆ ಮುದ್ರೆ ಮಂಗಳೂರಿನ ಕುಲಶೇಖರದ್ದು, ಜನವರಿ 30ರದ್ದು. ಭಾರತದ ಸ್ಟ್ಯಾಂಪು ಎಂದರೆ ಯಾರೋ ಊರಿಗೆ ಹೋಗುವವರು ಪೆಟ್ಟಿಗೆಯಲ್ಲಿಟ್ಟು ಒಯ್ದು ಅಲ್ಲಿ ಅಂಚೆಗೆ ಹಾಕಿದ್ದಾರೆ. ಇಲ್ಲಿಯವರು ಯಾರೂ ಊರಿಗೆ ಕಾಗದವನ್ನು ಇಲ್ಲಿಯ ಅಂಚೆಗೆ ಹಾಕುವುದಿಲ್ಲ. ಯಾರು ಹೊರಟಿದ್ದಾರೆಂದು ಕೇಳುತ್ತಾರೆ. ಇನ್‌ಸ್ಪೆಕ್ಟರ್ ವಿಮಾನ ನಿಲ್ದಾಣದಿಂದ ಆ ವಾರದ ಪ್ರಯಾಣಿಕರ ಪಟ್ಟಿ ತರಿಸಿದ್ದ. ಸಾವಿರದ ಮುನ್ನೂರು ಹೆಸರು.

"ಜನವರಿ ಕೊನೆಗೆ ಕುಲಶೇಖರಕ್ಕೆ ಯಾರು ಹೋದದ್ದು, ಗೊತ್ತುಂಟಾ?"

"ಎಂತಕ್ಕೆ? ನೀವು ಎಂತಾದ್ರೂ ಕಳಿಸ್ಲಿಕ್ಕೆ ಇತ್ತಾ?"

"ಸುಮ್ಮನೆ ಕೇಳಿದ್ದು."

"ನಿಮ್ಮ ಸುಮ್ಮನೆ ನನಗೆ ಗೊತ್ತುಂಟು." ಅವಳು ರೊಟ್ಟಿ ಮಗುಚಿದಳು. "ಆ ವಾರ ಹೋದದ್ದು ಮೂವರು. ಒಬ್ಬರು ಕಾಸರಗೋಡಿನವರು. ಇನ್ನೊಬ್ಬರು ಬಿ.ಸಿ. ರೋಡು, ಅವರ ಹತ್ರವೇ ನಾನು ಅಮ್ಮನಿಗೆ ಮುಲಾಮು ಕಳಿಸಿದ್ದು. ಕುಲಶೇಖರ ಅಂದ್ರೆ ಜಾಬ್ರಿಯಾದ ನರ್ಸು ಐವಿ. ಇಪ್ಪತ್ತೇಳಕ್ಕೆ ಹೋಗಿ ಹತ್ತಕ್ಕೆ ಬಂದಳು. ಪೆಟ್ಟಿಗೆಯಲ್ಲಿ ಜಾಗ ಇಲ್ಲ, ಯಾರದ್ದೋ ಕಾಗದದ ಕಟ್ಟು ಉಂಟು ಅಂತ ನನ್ನ ಖರ್ಜೂರ ಬಿಟ್ಟು ಹೋದಳು."

ಬಾವಾಕುಂಞಿ ಎದ್ದ.

"ತಿಂದು ಹೋಗಿ."

"ಹೊತ್ತಾಯ್ತು."

"ಯಾರಿಗೆ ತೊಂದರೆ ಆಗ್ತದೆ ಇದರಿಂದ?" ಸುಲೈಖಾ ಕೇಳಿದಳು. ಅವನು ಚಪ್ಪಲಿ ಹುಡುಕಿದ.

ಜಾಬ್ರಿಯಾದ ಆಸ್ಪತ್ರೆ, 11.15. ಐವಿ ಮೂವತ್ತರ ಆಸುಪಾಸಿನವಳು. ಕೈಗವಸು ಬಿಚ್ಚುತ್ತ ಬಂದಳು. ಇನ್‌ಸ್ಪೆಕ್ಟರನ ಸಮವಸ್ತ್ರ ನೋಡಿ ಕೈಗವಸನ್ನು ಪುನಃ ಹಾಕಿಕೊಂಡಳು.

"ಕಾಗದದ ಕಟ್ಟು ಯಾರು ಕೊಟ್ಟದ್ದು?"

"ಎಂತ ಇತ್ತು ಅದರಲ್ಲಿ?"

"ನೀವು ನೋಡ್ಲಿಲ್ವಾ?"

"ಬೇರೆಯವರ ಕವರು ನಾವು ನೋಡುದಿಲ್ಲ. ತೂಕ ಮಾತ್ರ ನೋಡುದು." ಅವಳು ಇಬ್ಬರ ಮುಖವನ್ನೂ ನೋಡಿದಳು. "ಡ್ರಗ್ಸಾ?"

"ಅಲ್ಲ. ಓಟಿನ ಅರ್ಜಿ."

ಐವಿ ಉಸಿರು ಬಿಟ್ಟಳು. ಅದು ಸಣ್ಣ ವಿಷಯವೆಂದು ಅವಳಿಗೆ ಅನಿಸಿರಬೇಕು. "ರೋಕ್ ಅಂಕಲ್ ಕೊಟ್ಟದ್ದು. ನಮ್ಮ ಇಗರ್ಜಿಗೆ ಪ್ರಾರ್ಥನೆಗೆ ಬರ್ತಾರೆ. ಕ್ಲೀನಿಂಗ್ ಕಂಪನಿಯ ಆಫೀಸಿನಲ್ಲಿ ಇದ್ದಾರೆ, ಎಗೈಲಾದಲ್ಲಿ. ಬೇಗ ಮುಟ್ಟಬೇಕು, ಇಲ್ಲಿಯ ಅಂಚೆ ಲೇಟ್ ಅಂತ ಹೇಳಿದ್ರು. ಇಷ್ಟೇ."

"ಅವರ ಬಗ್ಗೆ ಬೇರೆ ಎಂತ ಗೊತ್ತು?"

"ಒಳ್ಳೆಯವರು. ಮೇ ತಿಂಗಳಲ್ಲಿ ಕೆಲಸ ಬಿಟ್ಟು ಊರಿಗೆ ಹೋಗ್ಲಿಕ್ಕೆ ಇದ್ದಾರೆ. ವೆಲಿಟಾ ಆಂಟಿ, ಅವರ ಹೆಂಡತಿ, ಮುಂಚೆಯೇ ಹೋಗಿದ್ದಾರೆ." ಆಮೇಲೆ, ತಡವಾಗಿ: "ನಾನು ಹೇಳಬಾರದಿತ್ತಾ?"

*

ಗುರುವಾರ, ಫೆಬ್ರವರಿ 21, ಬೆಳಗ್ಗೆ 9.20. ಎಗೈಲಾದ ಕಟ್ಟಡವೊಂದರ ಮೊದಲ ಮಹಡಿ. ಇನ್‌ಸ್ಪೆಕ್ಟರ್ ಅನುಮತಿ ಪತ್ರ ತೋರಿಸಿದ. ಮ್ಯಾನೇಜರ್ ಯಾರಿಗೋ ಫೋನು ಮಾಡಲು ಹೊರಗೆ ಹೋದ. ಕಿಟಕಿಯ ಬಳಿಯ ಮೇಜಿನಿಂದ ಒಬ್ಬ ಮನುಷ್ಯ ಎದ್ದು ನಿಂತ. ಐವತ್ತೆಂಟು ವರ್ಷ, ತೆಳ್ಳಗೆ, ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಂಡಿದ್ದ.

"ರೋಕ್ ಅಂದ್ರೆ?"

"ನಾನೇ. ಇವತ್ತು ನಾನೇ ಬರುವವನಿದ್ದೆ ಸಾಯ್ಬರೇ. ಹನ್ನೊಂದು ಗಂಟೆಗೆ ಸಂಬಳದ ಪಟ್ಟಿ ಕೊಟ್ಟು ಬರುವ ಅಂತ ಇದ್ದೆ. ನಿತೇಶ್ ಫೋನು ಮಾಡಿದ್ದ."

"ಓಡಿ ಹೋಗಿ ಅಂತಲಾ?"

"ಹೌದು. ಎಲ್ಲಿಗೆ ಅಂತ ಅವನೂ ಹೇಳ್ಲಿಲ್ಲ."

ಕೇಳುವ ಮೊದಲೇ ರೋಕ್ ಕೀಲಿಕೈ ತೆಗೆದು ಇನ್‌ಸ್ಪೆಕ್ಟರನ ಕೈಗೆ ಕೊಟ್ಟ. ಮೂಲೆಯಲ್ಲಿ ಎದೆಯೆತ್ತರದ ಕಬ್ಬಿಣದ ತಿಜೋರಿ. ಒಳಗೆ ಪಾಸ್‌ಪೋರ್ಟುಗಳು, ಹೆಸರಿನ ಮೊದಲ ಅಕ್ಷರದ ಪ್ರಕಾರ ಕಟ್ಟುಗಳು, ಪ್ರತಿ ಕಟ್ಟಿಗೂ ರಬ್ಬರ್ ಬ್ಯಾಂಡು. ಫಲಾಹ್ ಎಣಿಸಿದ. ಇನ್ನೂರ ಹನ್ನೊಂದು.

ಪಂಚನಾಮೆಗೆ ಪಕ್ಕದ ಟ್ರಾವೆಲ್ಸ್‌ನ ಇಬ್ಬರನ್ನು ಸಾಕ್ಷಿಗಳಾಗಿ ಕರೆದರು. ಮೇಜಿನ ಎರಡನೆಯ ಡ್ರಾಯರಿನಲ್ಲಿ ಪೆಪ್ಪರ್‌ಮಿಂಟಿನ ತಗಡಿನ ಡಬ್ಬಿ. ಅದರೊಳಗೆ ರಬ್ಬರಿನ ದುಂಡು ಮೊಹರು, ನೇರಳೆ ಶಾಯಿಯ ಪ್ಯಾಡು. ಕೆಳಗಿನ ಡ್ರಾಯರಿನಲ್ಲಿ ಒಡೆದ ಒಂದು ಲಕೋಟೆ, ಭಾರತದಿಂದ ಬಂದದ್ದು, ವಿಳಾಸದಲ್ಲಿ ಡ್ಯಾನಿಯಲ್ ಎಂಬ ಹೆಸರು. ಆ ಹೆಸರು ಹತ್ತೊಂಬತ್ತರಲ್ಲಿ ಇರಲಿಲ್ಲ.

10.50ಕ್ಕೆ ರೋಕ್‌ನನ್ನು ಬಂಧಿಸಲಾಯಿತು. ಅವನು ಸಂಬಳದ ಪಟ್ಟಿಯ ಮೇಲೆ ಪೇಪರ್‌ವೇಟ್ ಇಟ್ಟು, ಎ.ಸಿ. ಆರಿಸಿ ಹೊರಟ.

*

ಠಾಣೆ, 12.05. ಇನ್‌ಸ್ಪೆಕ್ಟರ್ ಕೇಳಿದ, ಬಾವಾಕುಂಞಿ ತಿರುಗಿಸಿದ.

"ಮೊಹರು ಎಲ್ಲಿ ಮಾಡಿಸಿದ್ದು?"

"ನಾನೇ ಮಾಡಿದ್ದು. ಚಪ್ಪಲಿಯ ರಬ್ಬರು. ಮಂಗಳೂರಿನಲ್ಲಿ ಪ್ರೆಸ್ಸಿನಲ್ಲಿ ಬ್ಲಾಕ್ ಕೆತ್ತುತ್ತಿದ್ದೆ. ಯುದ್ಧ ಮುಗಿದ ಮರು ವರ್ಷ ಇಲ್ಲಿಗೆ ಬಂದದ್ದು."

"ಸಹಿ ಎಲ್ಲಿ ಸಿಕ್ಕಿತು?"

"ಹೆಣ ಕಳಿಸುವ ಕಾಗದದಲ್ಲಿ. ಆ ಆಫೀಸರು ಡ್ಯಾನಿಯಲ್‌ನ ಕಾಗದಕ್ಕೆ ಸಹಿ ಹಾಕಿದ್ರು."

"ಶುಕ್ರವಾರದ ತಾರೀಕು ಯಾಕೆ ಹಾಕಿದಿರಿ?"

ರೋಕ್‌ಗೆ ಪ್ರಶ್ನೆ ಅರ್ಥವಾಗಲಿಲ್ಲ. "ಅವತ್ತು ಶುಕ್ರವಾರ ಇತ್ತಲ್ಲ."

ಬಾವಾಕುಂಞಿ ಅದನ್ನು ಹಾಗೆಯೇ ಅರಬ್ಬಿಯಲ್ಲಿ ಹೇಳಿದ. ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟ.

"ಹುಡುಗರಿಗೆ ಗೊತ್ತಿತ್ತಾ?"

"ಇಲ್ಲ. ಶುಕ್ರವಾರ ರೂಮಿಗೆ ಹೋಗಿ ಅರ್ಜಿಗೆ ಸಹಿ ತೆಗೊಂಡೆ. ಪಾಸ್‌ಪೋರ್ಟಿನ ನಕಲು ತಿಜೋರಿಯಿಂದ ನಾನೇ ತೆಗೆದದ್ದು. ಆಫೀಸರ ಹತ್ರ ಮಾಡಿಸಿಕೊಂಡು ಬರ್ತೇನೆ ಅಂತ ಹೇಳಿದ್ದೆ. ಅವರು ನಂಬಿದ್ರು. ಅವರನ್ನು ಬಿಡ್ಬೇಕು."

"ಡ್ಯಾನಿಯಲ್ ಯಾರು?"

ರೋಕ್ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡು ಹೇಳತೊಡಗಿದ.

ಡ್ಯಾನಿಯಲ್‌ಗೆ ಇಪ್ಪತ್ತಮೂರು ವರ್ಷ. ಕಳೆದ ವರ್ಷ ಮೇ ತಿಂಗಳಲ್ಲಿ ಅವನು ಮತದಾರರ ಪಟ್ಟಿಗೆ ಅರ್ಜಿ ತುಂಬಿಸಿ ರೋಕ್‌ನ ಮೇಜಿನ ಬಳಿಗೆ ಬಂದಿದ್ದ. ತಾಯಿಗೆ ಸರಕಾರದ ಸೈಟು ಸಿಕ್ಕಿದೆ, ಎರಡು ಕೋಣೆ ಕಟ್ಟಿದ್ದಾರೆ, ಆ ಮನೆಯ ನಂಬರಿನಲ್ಲಿ ಪಟ್ಟಿಯಲ್ಲಿ ಒಬ್ಬಳದೇ ಹೆಸರು, ಕೆಳಗೆ ತನ್ನದೂ ಬರಬೇಕು. ಹಾಗಂತ ಹೇಳಿದ್ದ. ರಾಯಭಾರ ಕಚೇರಿಯಲ್ಲಿ ಮೊಹರು ಹಾಕಿಸಲು ಒಂದು ದಿನಕ್ಕೆ ಪಾಸ್‌ಪೋರ್ಟ್ ಕೊಡಿ ಎಂದು ಕೇಳಿದ್ದ.

"ನಾನು ಕೊಡ್ಲಿಲ್ಲ. ರಜೆಗೆ ಹೋಗುವವರಿಗೆ ಮಾತ್ರ ಕೊಡುದು ಅಂತ ಕಫೀಲನ ಆರ್ಡರು. ಬೆಳಗ್ಗೆ ಕೊಂಡುಹೋಗಿ ಸಂಜೆಗೆ ತರ್ತೇನೆ ಅಂಕಲ್ ಅಂದ. ರೂಲ್ಸು ಅಂತ ಹೇಳಿದೆ. ಇಪ್ಪತ್ತೊಂದು ವರ್ಷ ಅದೇ ಹೇಳಿದವ ನಾನು. ಅವನು ಮೊಹರಿಲ್ಲದ ನಕಲನ್ನೇ ಅರ್ಜಿಗೆ ಸೇರಿಸಿ ಕಳಿಸಿದ. ನನ್ನಲ್ಲಿದ್ದ ಹಳೆಯ ಝೆರಾಕ್ಸು ನಾನೇ ಕೊಟ್ಟದ್ದು. ಅಷ್ಟಾದ್ರೂ ಮಾಡಿದೆ ಅಂತ ನನಗೆ ಅವತ್ತು ಸಮಾಧಾನ ಆಗಿತ್ತು."

ಜುಲೈ 9ರಂದು ಕೆಲಸ ಮುಗಿಸಿ ಬಸ್ಸು ಮಹಬೂಲಾಕ್ಕೆ ಬಂದಾಗ ಎಲ್ಲರೂ ಇಳಿದರು. ಡ್ಯಾನಿಯಲ್ ಹಿಂದಿನ ಸೀಟಿನಲ್ಲಿ ನಿದ್ದೆಯಲ್ಲಿದ್ದ ಹಾಗೆ ಇದ್ದ. ಹೃದಯ ನಿಂತಿದೆ ಎಂದು ಆಸ್ಪತ್ರೆಯವರು ಬರೆದರು.

ಹೆಣ ಕಳಿಸಲು ಮನೆಯವರ ಒಪ್ಪಿಗೆ ಪತ್ರ ಬೇಕು. ಪಾಸ್‌ಪೋರ್ಟಿನಲ್ಲಿದ್ದ ವಿಳಾಸ ಬಜಪೆಯ ಒಂದು ಬಾಡಿಗೆ ಮನೆಯದು. ಪೊಲೀಸರು ಹೋಗಿ ನೋಡಿ, ಈ ಹೆಸರಿನವರು ಯಾರೂ ಇಲ್ಲ ಎಂದು ವರದಿ ಕಳಿಸಿದರು. ರೂಮಿನವರಿಗೆ ಸೈಟು ಯಾವ ಊರಲ್ಲೆಂದು ಗೊತ್ತಿರಲಿಲ್ಲ. ಫೋನು ಬೇರೆ ಸಾಮಾನಿನ ಜೊತೆ ಸೀಲಾಗಿ ಆಸ್ಪತ್ರೆಯಲ್ಲಿತ್ತು, ಚಾರ್ಜು ಮುಗಿದು. ಶವಾಗಾರಕ್ಕೆ ರೋಕ್ ಪ್ರತಿ ಶುಕ್ರವಾರ ಹೋಗಿ ಬರುತ್ತಿದ್ದ.

"ಜುಲೈ ಹದಿನಾರಕ್ಕೆ ಕಂಪನಿಯ ಪೋಸ್ಟ್ ಬಾಕ್ಸಿಗೆ ಡ್ಯಾನಿಯಲ್ ಹೆಸರಿನಲ್ಲಿ ಒಂದು ಕವರು ಬಂತು. ಹುಡುಗರ ಕಾಗದ ಎಲ್ಲಾ ಅಲ್ಲಿಗೇ ಬರುದು, ವಿಂಗಡಿಸುದು ನಾನು. ಸತ್ತವನ ಕಾಗದ. ಅದನ್ನು ಒಡೆಯುದು ಸರಿಯಲ್ಲ, ಮನೆಯವರು ಸಿಕ್ಕಿದಾಗ ಹಾಗೆಯೇ ಕೊಡುವ ಅಂತ ಡ್ರಾಯರಿನಲ್ಲಿ ಇಟ್ಟೆ."

"ಒಡೆದದ್ದು ಯಾವಾಗ?"

"ಸೆಪ್ಟೆಂಬರ್ ನಾಲ್ಕು."

"ಏನಿತ್ತು?"

"ಅವನ ಅರ್ಜಿಯೇ ವಾಪಸು ಬಂದದ್ದು. ಮೊಹರಿಲ್ಲ ಅಂತ ಕೆಂಪು ಶಾಯಿಯಲ್ಲಿ ಬರೆದಿದ್ರು. ಜೊತೆಗೆ ಅವನು ಬರೆದಿಟ್ಟ ಚೀಟಿ ಇತ್ತು. ಪಾಸ್‌ಪೋರ್ಟಿನ ವಿಳಾಸ ಹಳೆಯದು, ತಾಯಿ ಈಗ ನೀರುಮಾರ್ಗದಲ್ಲಿ ಇದ್ದಾಳೆ, ಮನೆ ನಂಬರು ಇಂಥದ್ದು, ದಯವಿಟ್ಟು ಅವಳ ಕೆಳಗೆ ನನ್ನ ಹೆಸರು ಬರೀರಿ ಅಂತ."

ಬಾವಾಕುಂಞಿ ತಿರುಗಿಸುವುದನ್ನು ನಿಲ್ಲಿಸಿದ. ಇನ್‌ಸ್ಪೆಕ್ಟರ್ ಕಾದ.

"ಐವತ್ತು ದಿನ ನನ್ನ ಡ್ರಾಯರಿನಲ್ಲಿತ್ತು ಅದು. ನನ್ನ ಮೊಣಕಾಲಿನಿಂದ ಒಂದು ಗೇಣು ದೂರ. ಒಟ್ಟು ಅರವತ್ತೊಂದು ದಿನ ಅವನು ಅಲ್ಲಿ ಐಸಿನಲ್ಲಿ ಇದ್ದ. ತಾಯಿ ಪ್ರತಿ ದಿನ ಅವನ ನಂಬರಿಗೆ ಫೋನು ಮಾಡ್ತಿದ್ದಳಂತೆ. ಸ್ವಿಚ್ ಆಫ್ ಅಂತ ಬಂದ್ರೆ ಡ್ಯೂಟಿಯಲ್ಲಿರಬೇಕು ಅಂದ್ಕೊಳ್ತಿದ್ದಳಂತೆ."

ಪೆನ್ಸಿಲಿನ ಆ ಎರಡು ಸಾಲುಗಳು ಏನೆಂದು ಇನ್ನು ಕೇಳಬೇಕಾಗಿರಲಿಲ್ಲ. ಆದರೂ ಇನ್‌ಸ್ಪೆಕ್ಟರ್ ಕೇಳಿದ. ದಾಖಲೆಗೆ ಉತ್ತರ ಬೇಕಿತ್ತು.

"ಪಟ್ಟಿಯಲ್ಲಿ ಹೆಸರು ಬರುವ ಮೊದಲು ಮನೆಗೆ ಒಬ್ಬರು ವಿಚಾರಿಸ್ಲಿಕ್ಕೆ ಬರ್ತಾರೆ. ಅವರಿಗೆ ಮನೆ ಸಿಗಬೇಕಲ್ಲ, ಅದಕ್ಕೆ ಬರೆದದ್ದು. ಇಂಥವನ ಮನೆ ಇದು, ಇಂಥವಳು ಅವನ ತಾಯಿ ಅಂತ ಸರಕಾರದ ಒಂದು ಪುಸ್ತಕದಲ್ಲಿ ಇರ್ತದೆ. ಓಟು ಹಾಕದಿದ್ರೂ ಪರವಾಗಿಲ್ಲ. ಹುಡುಗರಿಗೆ ಪಾಸ್‌ಪೋರ್ಟ್ ಕೊಡ್ಲಿಕ್ಕೆ ನನಗೆ ಧೈರ್ಯ ಇರ್ಲಿಲ್ಲ. ಮೊಹರು ಕೆತ್ತಲಿಕ್ಕೆ ಬರ್ತಿತ್ತು."

ಹೇಳಿಕೆ 1.40ಕ್ಕೆ ಮುಗಿಯಿತು. ಹತ್ತೊಂಬತ್ತು ಜನರ ಹೆಸರನ್ನು ಆರೋಪಿಗಳ ಪಟ್ಟಿಯಿಂದ ತೆಗೆಯಲಾಯಿತು. ಉದ್ದೇಶ ಎಂಬ ಅಂಕಣದಲ್ಲಿ ಇನ್‌ಸ್ಪೆಕ್ಟರ್ 'ವೈಯಕ್ತಿಕ ಲಾಭವಿಲ್ಲ' ಎಂದು ಬರೆದ. ಸ್ವಲ್ಪ ಯೋಚಿಸಿ, 'ಒಂದು ಸಾವಿನ ದುಃಖ' ಎಂದು ಸೇರಿಸಿದ. ಸಂಜೆ ಲಕ್ಷ್ಮೀನರಸಿಂಹ ಬಂದು ಹೇಳಿಕೆ ಓದಿದ. ಎರಡನೆಯ ಪುಟದಲ್ಲಿ ಕನ್ನಡಕ ತೆಗೆದ.

"ಆ ಕಾಗದಕ್ಕೆ ನಾನು ಸಹಿ ಹಾಕಿದ್ದು ನೆನಪೇ ಇಲ್ಲ," ಅಂದ. "ದಿನಾ ಮೂರು ನಾಲ್ಕು ಬರ್ತವೆ."

ಅರ್ಜಿಗಳ ಗತಿ ಏನೆಂದು ಬಾವಾಕುಂಞಿ ಕೇಳಿದ. ಈ ಮೊಹರು ನಡೆಯುವುದಿಲ್ಲ. ಅಸಲು ಪಾಸ್‌ಪೋರ್ಟ್ ಕೈಗೆ ಬಂದರೆ ಶುಕ್ರವಾರವಾದರೂ ಸರಿ, ಕೌಂಟರು ತೆರೆದು ಹೊಸದಾಗಿ ಮಾಡಿಕೊಡುತ್ತೇನೆ ಎಂದ ಲಕ್ಷ್ಮೀನರಸಿಂಹ. "ಕೈಗೆ ಬಂದರೆ," ಎಂದು ಇನ್ನೊಮ್ಮೆ ಹೇಳಿದ.

*

ಭಾನುವಾರ, ಫೆಬ್ರವರಿ 24, ಬೆಳಗ್ಗೆ 10. ಕಂಪನಿಯ ವಕೀಲ ಒಂದು ಕಡತ ತಂದ. ಅದರಲ್ಲಿ ಅರಬ್ಬಿಯಲ್ಲಿ ಬೆರಳಚ್ಚು ಮಾಡಿದ ಒಂದು ಒಪ್ಪಿಗೆ ಪತ್ರ: ನಾವು ನಮ್ಮ ಪಾಸ್‌ಪೋರ್ಟುಗಳನ್ನು ಸುರಕ್ಷತೆಗಾಗಿ, ಸ್ವಇಚ್ಛೆಯಿಂದ ಕಂಪನಿಯಲ್ಲಿ ಇರಿಸಿದ್ದೇವೆ, ಕೇಳಿದಾಗಲೆಲ್ಲ ಕೊಡಲಾಗಿದೆ. ಎರಡು ವರ್ಷ ಹಿಂದಿನ ತಾರೀಕು, ಕಾಗದ ಮತ್ತು ಶಾಯಿ ಮಾತ್ರ ಹೊಸದು. ಇನ್ನೂರ ಹನ್ನೆರಡು ಹೆಸರುಗಳು, ಎದುರಿಗೆ ಹೆಬ್ಬೆಟ್ಟಿನ ಗುರುತುಗಳು. ಕೊನೆಗೆ ಸಾಕ್ಷಿಯ ಸಹಿಗೆ ಖಾಲಿ ಜಾಗ. ಪಾಸ್‌ಪೋರ್ಟುಗಳ ಉಸ್ತುವಾರಿ ರೋಕ್‌ನದೇ ಆಗಿದ್ದರಿಂದ ಆ ಜಾಗ ಅವನದು.

ಬಾವಾಕುಂಞಿ ಪಟ್ಟಿಯ ಮೇಲೆ ಬೆರಳಾಡಿಸಿದ. ನಲವತ್ತೇಳನೆಯ ಹೆಸರು ಡ್ಯಾನಿಯಲ್. ಅವನ ಎದುರಿಗೂ ಒಂದು ಹೆಬ್ಬೆಟ್ಟು ಇತ್ತು.

ವಕೀಲ ಹೊರಗೆ ಹೋಗಿ ಕುಳಿತ ಮೇಲೆ ರೋಕ್‌ನನ್ನು ಕರೆತಂದರು. ಮೂರು ದಿನಗಳ ಗಡ್ಡ, ಅಂಗಿಯ ಗುಂಡಿ ಈಗಲೂ ಕುತ್ತಿಗೆಯವರೆಗೆ.

"ಸಹಿ ಹಾಕಿದರೆ ಕಂಪನಿ ನಿನ್ನ ಪರ ನಿಲ್ಲುತ್ತದೆ," ಇನ್‌ಸ್ಪೆಕ್ಟರ್ ಅಂದ. "ವಿಚಾರಣೆ ಇಲ್ಲದೆ ಗಡಿಪಾರು ಮಾಡಿಸಲು ಅವರಿಗೆ ಆಗುತ್ತದೆ, ಅದನ್ನು ಹೇಗೆ ಮಾಡುತ್ತಾರೆಂದು ನಾನು ಕೇಳುವುದಿಲ್ಲ. ಬುಧವಾರದ ವಿಮಾನ. ಹಾಕದಿದ್ದರೆ ಸರಕಾರಿ ಮೊಹರಿನ ನಕಲು, ದೊಡ್ಡ ಕೇಸು. ಮೂರು ವರ್ಷವಾದರೂ ಆದೀತು. ನಿನ್ನ ವಯಸ್ಸು ನೋಡಿ ಹೇಳುತ್ತಿದ್ದೇನೆ."

ಬಾವಾಕುಂಞಿ ಕನ್ನಡದಲ್ಲಿ ಹೇಳಿದ.

"ಸಹಿ ಹಾಕಿದ್ರೆ ತಿಜೋರಿಯ ಪಂಚನಾಮೆ ಎಂತ ಆಗ್ತದೆ?" ರೋಕ್ ಕೇಳಿದ.

"ಅದು ಕೇಸಿ‌ನಿಂದ ಹೊರಗೆ ಹೋಗ್ತದೆ. ಹುಡುಗರು ತಾವಾಗಿಯೇ ಕೊಟ್ಟದ್ದು ಅಂತ ಆಗ್ತದಲ್ಲ."

"ಪಾಸ್‌ಪೋರ್ಟು?"

"ತಿಜೋರಿಗೇ."

ರೋಕ್ ಕಾಗದವನ್ನು ತನ್ನ ಕಡೆ ತಿರುಗಿಸಿ ಓದಿದ. ಅವನಿಗೆ ಅರಬ್ಬಿ ಓದಲು ಬರುತ್ತಿತ್ತು. ಇಪ್ಪತ್ತೊಂದು ವರ್ಷ ಇಂಥದ್ದನ್ನೇ ಓದಿದ್ದ. ಮೊದಲ ಪುಟ, ಎರಡನೆಯ ಪುಟ. ಎರಡನೆಯ ಪುಟದಲ್ಲಿ ಒಂದು ಕಡೆ ಅವನ ಕಣ್ಣು ನಿಂತಿತು. ಎಲ್ಲಿ ನಿಂತಿತೆಂದು ಬಾವಾಕುಂಞಿಗೆ ಗೊತ್ತಾಯಿತು.

"ಪೊರ್ಬುಗಳೇ," ಬಾವಾಕುಂಞಿ ಊರಿನಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆ ಕರೆದು, ತಗ್ಗಿದ ದನಿಯಲ್ಲಿ ಅಂದ. ಇದನ್ನು ಯಾರೂ ತಿರುಗಿಸಲು ಹೇಳಿರಲಿಲ್ಲ. "ಸತ್ತವನಿಗೆ ಇನ್ನು ಎಂತದೂ ಇಲ್ಲ. ಇಲ್ಲಿಯ ಜೈಲು ನಿಮಗೆ ಗೊತ್ತಿಲ್ಲ, ನಾನು ನೋಡಿದ್ದೇನೆ. ವಕೀಲ ನಿನ್ನೆಯೇ ಫೋನಿನಲ್ಲಿ ಬುಧವಾರದ ವಿಮಾನ ಅಂದಿದ್ದ, ವೆಲಿಟಾ ಬಾಯಿಯವರಿಗೆ ಫೋನು ಮಾಡಿದೆ. ಬುಧವಾರ ಅಂತ ಬಾಯಿ ತಪ್ಪಿ ಹೇಳಿಬಿಟ್ಟೆ. ಅವರು ಏರ್‌ಪೋರ್ಟಿಗೆ ಬರ್ತಾರಂತೆ."

ಇನ್‌ಸ್ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದು, ಪೆನ್ನನ್ನು ಕಾಗದದ ಮೇಲೆ ಅಡ್ಡ ಇಟ್ಟು, ಹೊರಗೆ ನೋಡುತ್ತ ಕಾದ.

"ಅವನು ನನ್ನ ಮೇಜಿನ ಮುಂದೆ ನಿಂತು ಕೇಳಿದ," ರೋಕ್ ಅಂದ. "ಎರಡು ಸಲ ಕೇಳಿದ. ಕೊಟ್ಟಿದ್ದೇವೆ ಅಂತ ನಾನು ಬರೀಬೇಕಾ?"

"ಬರೀಲಿಕ್ಕೆ ಇಲ್ಲ. ಸಹಿ ಮಾತ್ರ."

ರೋಕ್ ಪೆನ್ನನ್ನು ಎತ್ತಿ, ಅದಕ್ಕೆ ಮುಚ್ಚಳ ಹಾಕಿ, ಇನ್‌ಸ್ಪೆಕ್ಟರನ ಕಡೆಗೆ ಸರಿಸಿದ.

"ಹಾಕುದಿಲ್ಲ."